13 ಷಿಲ್ಲಿಂಗ್ 9 ಪೆನ್ಸ್: ಇಂಗ್ಲೆಂಡಿನ ಒಂದು ಕೂಲಿ ಮನೆಯ ವಾರದ ಲೆಕ್ಕ

ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನ ಹಳ್ಳಿ ಅಂದರೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಟೀವಿ ಧಾರಾವಾಹಿಯ ಹಳ್ಳಿ. ಹುಲ್ಲು ಹೊದಿಸಿದ ಮನೆ, ಬಾಗಿಲ ಪಕ್ಕ ಗುಲಾಬಿ ಬಳ್ಳಿ, ಆಚೆ ಚರ್ಚಿನ ಗೋಪುರ, ಬಂಗಲೆಯ ಅಂಗಳದಲ್ಲಿ ಚಹಾ. ಗುಲಾಬಿ ಬಳ್ಳಿಯ ಹಿಂದಿನ ಆ ಮನೆಯಲ್ಲಿ ಒಲೆಯ ಮೇಲೆ ಏನು ಬೇಯುತ್ತಿತ್ತು ಅನ್ನುವುದನ್ನು ಧಾರಾವಾಹಿ ಹೇಳುವುದಿಲ್ಲ. ಅದಕ್ಕೆ ಮನೆಯ ಲೆಕ್ಕವೇ ಸಿಗಬೇಕು. ಅಂಥದ್ದೊಂದು ಲೆಕ್ಕ ಸಿಕ್ಕಿದೆ.

ಹೊಲಗೆಲಸ ಮಾಡುವ ಹೆಂಗಸರು, ಮಕ್ಕಳ ಸ್ಥಿತಿಗತಿ ಏನು ಅಂತ ತಿಳಿಯಲು ಬ್ರಿಟಿಷ್ ಸರಕಾರ ಅಧಿಕಾರಿಗಳನ್ನು ಹಳ್ಳಿಗಳಿಗೆ ಕಳಿಸಿತ್ತು. ಅವರ ವರದಿ ಬಂದದ್ದು 1843ರಲ್ಲಿ. ಅದರಲ್ಲಿ ಇಂಗ್ಲೆಂಡಿನ ಪೂರ್ವಕ್ಕಿರುವ ಸಫೋಕ್ ಕೌಂಟಿಯ ಲ್ಯಾವನ್‌ಹ್ಯಾಮ್ ಊರಿನ ಒಬ್ಬ ಕೂಲಿಯ ಮನೆಯ ಒಂದು ವಾರದ ಆದಾಯ, ಖರ್ಚು ಅರ್ಧ ಪೆನ್ನಿಯವರೆಗೂ ಬರೆದಿಟ್ಟಿದೆ. 12 ಪೆನ್ಸ್‌ಗೆ 1 ಷಿಲ್ಲಿಂಗ್, 20 ಷಿಲ್ಲಿಂಗ್‌ಗೆ 1 ಪೌಂಡ್ ಅನ್ನುವುದು ನೆನಪಿದ್ದರೆ ಸಾಕು, ಲೆಕ್ಕ ಓದಬಹುದು.

ಮನೆಯಲ್ಲಿ ಏಳು ಜನ. ಅಪ್ಪನಿಗೆ 42 ವರ್ಷ, ವಾರದ ಕೂಲಿ 9 ಷಿಲ್ಲಿಂಗ್. ಅವ್ವನಿಗೆ 40, ಅವಳ ದುಡಿಮೆ 9 ಪೆನ್ಸ್. 12 ವರ್ಷದ ಹುಡುಗ 2 ಷಿಲ್ಲಿಂಗ್ ತರುತ್ತಾನೆ; 11 ವರ್ಷದವನು 1 ಷಿಲ್ಲಿಂಗ್; 8 ವರ್ಷದವನೂ 1 ಷಿಲ್ಲಿಂಗ್. ಆರು ವರ್ಷದ ಹುಡುಗಿ ಮತ್ತು ನಾಲ್ಕು ವರ್ಷದ ಹುಡುಗ ಇನ್ನೂ ದುಡಿಯುವ ವಯಸ್ಸಿಗೆ ಬಂದಿಲ್ಲ. ಎಲ್ಲ ಕೂಡಿ 13 ಷಿಲ್ಲಿಂಗ್ 9 ಪೆನ್ಸ್.

ಇನ್ನು ಖರ್ಚು. ಬ್ರೆಡ್ಡಿಗೆ 9 ಷಿಲ್ಲಿಂಗ್. ಆಲೂಗಡ್ಡೆಗೆ 1 ಷಿಲ್ಲಿಂಗ್. ಮನೆ ಬಾಡಿಗೆ 1 ಷಿಲ್ಲಿಂಗ್ 2 ಪೆನ್ಸ್. ಕಲ್ಲಿದ್ದಲು, ಸೌದೆಗೆ 9 ಪೆನ್ಸ್. ಬೆಣ್ಣೆ ನಾಲ್ಕೂವರೆ, ಸಕ್ಕರೆ ಮೂರೂವರೆ, ಗಿಣ್ಣು ಮೂರು, ಸಾಬೂನು ಮೂರು, ಮೇಣದಬತ್ತಿ ಮೂರು, ಚಹಾ ಎರಡು, ಹೊಲಿಯುವ ದಾರ ಎರಡು ಪೆನ್ಸ್. ಉಪ್ಪಿಗೆ ಅರ್ಧ ಪೆನ್ನಿ, ಬಟ್ಟೆಗೆ ಹಾಕುವ ನೀಲಿಗೆ ಅರ್ಧ ಪೆನ್ನಿ. ಕೂಡಿಸಿ ನೋಡಿ, 13 ಷಿಲ್ಲಿಂಗ್ 9 ಪೆನ್ಸ್. ಒಂದು ಬಿಡಿಗಾಸೂ ಉಳಿಯುವುದಿಲ್ಲ.

ಈ ಲೆಕ್ಕ ಮೊದಲು ಓದಿದಾಗ ನನಗೆ ತಟ್ಟನೆ ಕಂಡದ್ದು ಎರಡು 9 ಷಿಲ್ಲಿಂಗ್‌ಗಳು. ಅಪ್ಪ ವಾರವೆಲ್ಲ ಮೈಮುರಿದು ತಂದದ್ದು 9, ಬ್ರೆಡ್ಡಿಗೆ ಹೋದದ್ದೂ 9. ಅಂದರೆ ಗಂಡಸಿನ ಕೂಲಿಯಿಂದ ಒಣ ಬ್ರೆಡ್ಡು ಬರುತ್ತಿತ್ತು, ಅಷ್ಟೇ. ಸೂರು, ಬೆಂಕಿ, ಬೆಳಕು, ಉಪ್ಪು ಎಲ್ಲವೂ ಹೆಂಡತಿ, ಮಕ್ಕಳ ದುಡಿಮೆ. ಎಂಟು ವರ್ಷದ ಹುಡುಗ ಒಂದು ವಾರ ಮನೆಯಲ್ಲಿ ಕೂತರೆ ಆಲೂಗಡ್ಡೆ ಇಲ್ಲ. ಆಗಿನ ಹಳ್ಳಿಯ ಬದುಕನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಬೀಗದಕೈ ನನಗೆ ಸಿಕ್ಕಿಲ್ಲ.

ರೈತ ಅಂದರೆ ಯಾರು?

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳಬೇಕು. ನಾವು 'ಫಾರ್ಮರ್' ಅನ್ನುವುದನ್ನು ರೈತ ಅಂತ ಅನುವಾದಿಸಿಕೊಂಡು, ತುಂಡು ಹೊಲದಲ್ಲಿ ತಾನೇ ಉಳುವವನನ್ನು ಊಹಿಸಿಕೊಳ್ಳುತ್ತೇವೆ. ಅಲ್ಲಿ ಹಾಗಿರಲಿಲ್ಲ. ನೆಲದ ಒಡೆಯ ಜಮೀನ್ದಾರ. ಅವನು ಬಂಗಲೆಯಲ್ಲೋ ಲಂಡನ್ನಿನಲ್ಲೋ ಇರುತ್ತಿದ್ದ. ಅವನಿಂದ ನೂರಾರು ಎಕರೆ ಗೇಣಿಗೆ ಹಿಡಿದು, ಬಂಡವಾಳ ಹಾಕಿ, ಕುದುರೆ, ಆಳು ಇಟ್ಟುಕೊಂಡು ಬೇಸಾಯ ಮಾಡಿಸುವವನು ಫಾರ್ಮರ್. ಅವನ ಕೈಕೆಳಗೆ ಗೇಯುವವನು ಕೂಲಿಯಾಳು. ಹಳ್ಳಿಯ ಬಹುಪಾಲು ಸಂಸಾರಗಳು ಈ ಕೊನೆಯ ಮೆಟ್ಟಿಲಲ್ಲಿದ್ದವು. ಅವರಿಗೆ ಸ್ವಂತ ನೆಲ ಇರಲಿಲ್ಲ.

ಹಿಂದೆ ಅವರಿಗೂ ಒಂದಿಷ್ಟು ಆಸರೆಯಿತ್ತು: ಊರೊಟ್ಟಿನ ಗೋಮಾಳ. ಅಲ್ಲಿ ಒಂದು ಹಸು ಬಿಡಬಹುದು, ಬಾತು ಸಾಕಬಹುದು, ಪುಳ್ಳೆ ಆಯಬಹುದು. ಅದಕ್ಕೆಲ್ಲ ಬೇಲಿ ಬಿದ್ದು ಒಬ್ಬೊಬ್ಬರ ಖಾತೆಗೆ ಸೇರಿತು. 1604ರಿಂದ 1914ರವರೆಗೆ ಪಾರ್ಲಿಮೆಂಟು ಇಂಥ ಬೇಲಿ ಕಾಯ್ದೆಗಳನ್ನು 5,200ಕ್ಕೂ ಹೆಚ್ಚು ಮಾಡಿತು. ಬೇಲಿಯೊಳಗೆ ಸೇರಿದ್ದು ಸುಮಾರು 68 ಲಕ್ಷ ಎಕರೆ, ಇಂಗ್ಲೆಂಡಿನ ಐದನೇ ಒಂದು ಭಾಗಕ್ಕಿಂತ ಹೆಚ್ಚು. ಇದರ ಬಹುಪಾಲು ನಡೆದದ್ದು 1750ರ ನಂತರದ ನೂರು ವರ್ಷಗಳಲ್ಲಿ. ಸಫೋಕ್‌ನ ಜೇಡಿಮಣ್ಣಿನ ಸೀಮೆಯ ಹೊಲಗಳಿಗೆ ಮಾತ್ರ ಬೇಲಿ ಅದಕ್ಕೂ ಬಹಳ ಮೊದಲೇ ಬಿದ್ದಿತ್ತು.

ಲ್ಯಾವನ್‌ಹ್ಯಾಮ್‌ನ ಕಥೆಯಲ್ಲಿ ಇನ್ನೊಂದು ವ್ಯಂಗ್ಯವಿದೆ. ಹದಿನೈದು, ಹದಿನಾರನೇ ಶತಮಾನದಲ್ಲಿ ಅದು ಇಂಗ್ಲೆಂಡಿನ ಸಿರಿವಂತ ಊರುಗಳಲ್ಲಿ ಒಂದು. ಅಲ್ಲಿ ನೇಯ್ದ ನೀಲಿ ಉಣ್ಣೆ ಬಟ್ಟೆಗೆ ದೂರದೇಶಗಳಲ್ಲೂ ಹೆಸರಿತ್ತು. ಆ ದುಡ್ಡಿನಲ್ಲೇ ಎದ್ದದ್ದು ಚರ್ಚಿನ 141 ಅಡಿಯ ಗೋಪುರ. ಆಮೇಲೆ ಬಟ್ಟೆ ವ್ಯಾಪಾರ ಬೇರೆಡೆಗೆ ಸರಿಯಿತು. ಗಿಲ್ಡ್ ಅನ್ನುವ ಊರಿನ ಸಿರಿವಂತರ ಸಂಘದವರು ಠೀವಿಯಿಂದ ಕಟ್ಟಿಸಿದ್ದ ಸಭಾಭವನ ಸೆರೆಮನೆಯಾಯಿತು, ಆಮೇಲೆ ನಿರ್ಗತಿಕರ ದುಡಿಮೆಮನೆಯಾಯಿತು. ನೀಲಿ ಬಟ್ಟೆಯಿಂದ ಬೆಳೆದ ಊರಲ್ಲಿ 1843ರ ಹೊತ್ತಿಗೆ ಒಬ್ಬಳು ಹೆಂಗಸು ಹಳೆಯ ಅಂಗಿ ಬೆಳ್ಳಗೆ ಕಾಣಲೆಂದು ಅರ್ಧ ಪೆನ್ನಿಯ ನೀಲಿ ಕೊಳ್ಳುತ್ತಿದ್ದಾಳೆ. ಆ ಕಾಲದ ನೀಲಿಯನ್ನು ಇಂಡಿಗೋದಿಂದಲೂ ಮಾಡುತ್ತಿದ್ದರು, ಬ್ರಿಟನ್ನಿಗೆ ಇಂಡಿಗೋ ಹೋಗುತ್ತಿದ್ದದ್ದು ಹೆಚ್ಚಾಗಿ ಬಂಗಾಳದಿಂದ. ಅಲ್ಲಿನ ನೀಲಿ ಬೆಳೆಗಾರರ ಗೋಳು ಇನ್ನೊಂದೇ ಕಥೆ.

ಬ್ರೆಡ್ಡು ಅಷ್ಟು ತುಟ್ಟಿ ಏಕೆ?

ಸುತ್ತ ಕಣ್ಣು ಹಾಯಿಸಿದಷ್ಟೂ ಗೋಧಿ ಹೊಲ. ಆದರೂ ಆದಾಯದ ಮೂರರಲ್ಲಿ ಎರಡು ಪಾಲು ಬ್ರೆಡ್ಡಿಗೆ. ಇದಕ್ಕೆ ಒಂದು ಕಾರಣ ಕಾನೂನು. ನೆಪೋಲಿಯನ್ ಯುದ್ಧ ಮುಗಿದು ಹೊರಗಿನ ಅಗ್ಗದ ಗೋಧಿ ಬರಬಹುದೆಂಬ ಭಯದಲ್ಲಿ ಪಾರ್ಲಿಮೆಂಟು 1815ರಲ್ಲಿ ಕಾರ್ನ್ ಲಾ ತಂದಿತು. ದೇಶದೊಳಗೆ ಒಂದು ಕ್ವಾರ್ಟರ್ ಗೋಧಿಗೆ, ಅಂದರೆ ಎಂಟು ಬುಷೆಲ್‌ಗೆ (ಎರಡೂ ಕಾಳು ಅಳೆಯುವ ಹಳೆಯ ಅಳತೆಗಳು), 80 ಷಿಲ್ಲಿಂಗ್ ಮುಟ್ಟುವತನಕ ಹೊರಗಿನ ಗೋಧಿಯನ್ನು ಮಾರುವಂತಿರಲಿಲ್ಲ. ಆಮೇಲೆ ನಿಯಮ ಸಡಿಲಾಗಿ ಏರಿಳಿಯುವ ಸುಂಕ ಬಂತು. ಪೂರ್ತಿ ತೆಗೆದುಹಾಕಲು ತೀರ್ಮಾನವಾದದ್ದು 1846ರಲ್ಲಿ. ಕಾನೂನು ಮಾಡಿದವರು ಯಾರು ಅಂತ ಕೇಳಬೇಡಿ. ಪಾರ್ಲಿಮೆಂಟಿನಲ್ಲಿ ಕೂತವರಲ್ಲಿ ಬಹುಪಾಲು ಜಮೀನ್ದಾರರು. ಕೂಲಿಯಾಳಿಗೆ ಮತವೇ ಇರಲಿಲ್ಲ.

ಹಾಗಾದರೆ ಇಷ್ಟರಲ್ಲಿ ಬದುಕುವುದು ಹೇಗೆ? ವಾರದ ಲೆಕ್ಕದಲ್ಲಿ ಕಾಣದ, ವರ್ಷಕ್ಕೊಮ್ಮೆ ಬರುವ ಒಂದೆರಡು ಆಸರೆಗಳಿದ್ದವು. ಅದರಲ್ಲಿ ದೊಡ್ಡದು ಸುಗ್ಗಿ. ಸಫೋಕ್‌ನಲ್ಲಿ ಸುಗ್ಗಿಗೆ ಆಳುಗಳೆಲ್ಲ ಸೇರಿ ತಮ್ಮಲ್ಲೊಬ್ಬನನ್ನು ಮುಂದಾಳು ಮಾಡಿಕೊಳ್ಳುತ್ತಿದ್ದರು. ಅವನನ್ನು 'ಸುಗ್ಗಿಯ ಲಾರ್ಡ್' ಅಂತಲೇ ಕರೆಯುವುದು. ಕುಯ್ಲಿಗೆ ಎಷ್ಟು ಕೂಲಿ, ಎಷ್ಟು ಬಿಯರು ಅಂತ ಫಾರ್ಮರನ ಜೊತೆ ಚೌಕಾಸಿ ಮಾಡುವವನು ಅವನು. ಹೊಲದಲ್ಲಿ ಮೊದಲ ಸಾಲು ಹಿಡಿಯುವವನೂ ಅವನೇ. ಉಳಿದವರು ಉದ್ದ ಹಿಡಿಯ ಕುಡುಗೋಲು ಬೀಸುತ್ತ ಅವನ ಹಿಂದೆ ಅದೇ ಓಟದಲ್ಲಿ ಸಾಗಬೇಕು. ಹೆಂಗಸರು ಹಿಂದಿನಿಂದ ಸಿವುಡು ಕಟ್ಟುತ್ತ ಬರುತ್ತಿದ್ದರು. ಎಲ್ಲ ಮುಗಿದ ಮೇಲೆ ಫಾರ್ಮರನ ಕಣಜದಲ್ಲಿ ಊಟ. ಆ ಸೀಮೆಯ ಮಾತಿನಲ್ಲಿ ಅದಕ್ಕೆ ಹಾರ್ಕಿ ಅನ್ನುತ್ತಿದ್ದರು. ವರ್ಷಕ್ಕೊಮ್ಮೆ ಹೊಟ್ಟೆ ತುಂಬ ಮಾಂಸ ತಿನ್ನುವ ದಿನ ಅದು.

ಗಂಡಸರ ಸುಗ್ಗಿ ಮುಗಿದ ಮೇಲೆ ಹೆಂಗಸರು, ಮಕ್ಕಳ ಸುಗ್ಗಿ. ಅದಕ್ಕೆ ಇಂಗ್ಲಿಷಿನವರು ಗ್ಲೀನಿಂಗ್ ಅನ್ನುತ್ತಾರೆ. ಕನ್ನಡದಲ್ಲಿ ಹೇಳಬೇಕಾದರೆ ಹಕ್ಕಲು ಆಯುವುದು. ಕೊಯ್ದ ಹೊಲದಲ್ಲಿ ಒಂದು ಸಿವುಡು ಒಂಟಿಯಾಗಿ ನಿಂತಿದ್ದರೆ ಇನ್ನೂ ಒಳಗೆ ಹೋಗುವಂತಿಲ್ಲ ಅಂತ ಅರ್ಥ. ತಮಾಷೆಗೆ ಆ ಸಿವುಡನ್ನು ಪೊಲೀಸಪ್ಪ ಅನ್ನುತ್ತಿದ್ದರು. ಅದನ್ನು ತೆಗೆದ ಮಾರನೆಯ ದಿನ ಬೆಳಿಗ್ಗೆ ಚರ್ಚಿನ ಗಂಟೆ ಹೊಡೆದಾಗಲೇ ಎಲ್ಲರೂ ಒಟ್ಟಿಗೆ ಇಳಿಯಬೇಕು, ಸಂಜೆಯ ಗಂಟೆಗೆ ಒಟ್ಟಿಗೆ ಏಳಬೇಕು. ಕೂಸಿರುವವಳು, ಮುದುಕಿ, ಯಾರೂ ಹಿಂದೆ ಬೀಳಬಾರದು ಅನ್ನುವುದಕ್ಕೇ ಈ ಗಂಟೆಯ ಕಟ್ಟಳೆ. ಉದ್ದ ಕಡ್ಡಿಯ ತೆನೆಗಳನ್ನು ಎಡಗೈಲಿ ಹಿಡಿ ಹಿಡಿಯಾಗಿ ಜೋಡಿಸಿ ಕಡ್ಡಿಯಿಂದಲೇ ಕಟ್ಟುವುದು, ಕಡ್ಡಿ ಮುರಿದ ಬಿಡಿ ತೆನೆಗಳನ್ನು ಸೊಂಟಕ್ಕೆ ಕಟ್ಟಿದ ಚೀಲಕ್ಕೆ ಹಾಕುವುದು. ಕೊಯ್ದ ಕೂಳೆ ಮಕ್ಕಳ ಕಣಕಾಲು ಗೀರಿ ರಕ್ತ ಬರಿಸುತ್ತಿತ್ತು. ಕೆಲವು ವಾರ ಹೀಗೆ ಬೆನ್ನು ಬಗ್ಗಿಸಿದರೆ ಮನೆ ತುಂಬ ಮಕ್ಕಳಿದ್ದವರಿಗೆ ಕ್ರಿಸ್‌ಮಸ್‌ವರೆಗೂ ಹಿಟ್ಟಾಗುವುದುಂಟು. ಎಂದಿನ ವಾರದಲ್ಲಿ 9 ಪೆನ್ಸ್ ದುಡಿಯುವ ಹೆಂಗಸು ಈ ಒಂದು ಕಾಲದಲ್ಲಿ ಗಂಡನಿಗೆ ಸಮನಾಗಿ ಮನೆಗೆ ತರುತ್ತಿದ್ದಳು.

ಬಡವರು ಇದನ್ನು ಹಕ್ಕು ಅಂತಲೇ ನಂಬಿದ್ದರು, ಬೈಬಲ್ಲಿನಲ್ಲಿಯೇ ಇದೆ ಅನ್ನುತ್ತಿದ್ದರು. ಇದೇ ಸಫೋಕ್‌ನ ಟಿಮ್‌ವರ್ತ್ ಅನ್ನುವ ಹಳ್ಳಿಯಲ್ಲಿ ಹಕ್ಕಲು ಆಯ್ದ ಹೆಂಗಸೊಬ್ಬಳ ಮೇಲೆ ಹೊಲದವನು ದಾವೆ ಹೂಡಿದ. 1788ರಲ್ಲಿ ಲಂಡನ್ನಿನ ನ್ಯಾಯಾಧೀಶರು, ಹಕ್ಕಲು ಆಯುವುದು ಕಾನೂನಿನ ಹಕ್ಕಲ್ಲ ಅಂತ ಬಹುಮತದ ತೀರ್ಪು ಕೊಟ್ಟರು. ಹಳ್ಳಿಗಳು ಆ ತೀರ್ಪಿಗೆ ಅಷ್ಟಾಗಿ ಕಿವಿಗೊಡಲಿಲ್ಲ. ಮುಂದೆ ನೂರು ವರ್ಷ ಗಂಟೆ ಹೊಡೆಯುತ್ತಲೇ ಇತ್ತು.

ಆಯ್ದ ಗೋಧಿಯನ್ನು ಬಡಿದು, ತೂರಿ, ಗಾಳಿಗಿರಣಿಗೆ ಒಯ್ಯಬೇಕು. ಸಫೋಕ್‌ನ ಹಳೆಯ ಗಿರಣಿಗಳಲ್ಲಿ ಒಂದೇ ದಪ್ಪ ಕಂಬದ ಮೇಲೆ ಇಡೀ ಮರದ ಮನೆ ಕೂತಿರುತ್ತದೆ. ಗಾಳಿ ದಿಕ್ಕು ಬದಲಿಸಿದಾಗ ಕಲ್ಲು, ರೆಕ್ಕೆ, ಹಿಟ್ಟು, ಗಿರಣಿಯವನು ಎಲ್ಲ ಸಮೇತ ಮನೆಯನ್ನೇ ತಿರುಗಿಸಬೇಕು. ಗಾಳಿ ಬಂದರೆ ನಡುರಾತ್ರಿಯಲ್ಲೂ ಬೀಸುವುದು, ಬರದಿದ್ದರೆ ಕೂತು ಬೀಸುಕಲ್ಲಿಗೆ ಉಳಿಯಿಂದ ಹೊಸ ಗೀರು ಹಾಕುವುದು. ಈ ಕಲ್ಲು ಕೆತ್ತುವವರು ಊರೂರು ತಿರುಗುತ್ತಿದ್ದರು. ಉಳಿಯಿಂದ ಸಿಡಿದ ಉಕ್ಕಿನ ಚೂರು ಹೊಕ್ಕು ಅವರ ಕೈಬೆನ್ನೆಲ್ಲ ನೀಲಿ ಚುಕ್ಕೆಯಾಗಿರುತ್ತಿತ್ತು.

ಹನ್ನೊಂದು ಮೈಲಿಯ ಎಕರೆ

9 ಷಿಲ್ಲಿಂಗ್‌ಗೆ ಗಂಡಸು ಮಾಡುತ್ತಿದ್ದ ಕೆಲಸ ಏನು? ಉಳುಮೆಯನ್ನೇ ತೆಗೆದುಕೊಳ್ಳಿ. ಜೋಡಿ ಕುದುರೆ ಕಟ್ಟಿದ ನೇಗಿಲಲ್ಲಿ ದಿನಕ್ಕೊಂದು ಎಕರೆ ಅನ್ನುವುದು ಒಪ್ಪಿಕೊಂಡ ಅಳತೆ. ಸಾಲಿನ ಅಗಲ 9 ಅಂಗುಲ ಅಂತಿಟ್ಟುಕೊಳ್ಳಿ. ಒಂದು ಎಕರೆ ಅಂದರೆ 43,560 ಚದರಡಿ. ಅದನ್ನು ಮುಕ್ಕಾಲು ಅಡಿಯಿಂದ ಭಾಗಿಸಿದರೆ 58,080 ಅಡಿ, ಸರಿಯಾಗಿ 11 ಮೈಲಿ. ಹೊಲದ ತುದಿಯಲ್ಲಿ ತಿರುಗುವ ಹೆಜ್ಜೆ ಬಿಟ್ಟು, ಮನೆಯಿಂದ ಹೊಲಕ್ಕೆ ನಡೆದದ್ದೂ ಬಿಟ್ಟು, ಅಂಟುವ ಜೇಡಿಮಣ್ಣಿನಲ್ಲಿ ಮೊಳೆ ಹೊಡೆದ ಬೂಟು ಎಳೆಯುತ್ತ ಹೆಚ್ಚುಕಡಿಮೆ 18 ಕಿಲೋಮೀಟರು. ಅದಕ್ಕೂ ಮೊದಲು, ಬೆಳಗಿನ ಜಾವ 4ಕ್ಕೆ ಎದ್ದು ಕುದುರೆಗೆ ಮೇವು ಹಾಕಿ ಮೈ ಉಜ್ಜಿರಬೇಕು.

ಆ ಸೀಮೆಯ ಕುದುರೆ ಸಫೋಕ್ ಪಂಚ್. ಕೆಂಚು ಬಣ್ಣ, ಗುಂಡು ಮೈ, ಗಿಡ್ಡ ಕಾಲು. ಬೇರೆ ಭಾರದ ಕುದುರೆಗಳಂತೆ ಪಾದದ ಸುತ್ತ ಕೂದಲ ಕುಚ್ಚು ಇಲ್ಲದ್ದರಿಂದ ಜೇಡಿ ಹಿಡಿದುಕೊಳ್ಳುವುದಿಲ್ಲ. ಈಗ ಉಳಿದಿರುವ ಸಫೋಕ್ ಪಂಚ್‌ಗಳೆಲ್ಲದರ ಗಂಡು ವಂಶ 1768ರಲ್ಲಿ ಹುಟ್ಟಿದ ಒಂದೇ ಕುದುರೆಗೆ ಹೋಗಿ ಮುಟ್ಟುತ್ತದೆ. ಕುದುರೆ ನೋಡಿಕೊಳ್ಳುವವನಿಗೆ ಕೂಲಿಗಳಲ್ಲೇ ಗತ್ತು ಹೆಚ್ಚು. ಕಪ್ಪೆಯ ಒಂದು ಮೂಳೆಯನ್ನು ಹೊಳೆಗೆ ಹಾಕಿ, ನೀರಿಗೆದುರಾಗಿ ತೇಲುವ ಮೂಳೆಯನ್ನು ಜೇಬಲ್ಲಿ ಇಟ್ಟುಕೊಂಡರೆ ಎಂಥ ಕುದುರೆಯೂ ಮಾತು ಕೇಳುತ್ತದೆ ಅಂತ ಅವರಲ್ಲೊಂದು ನಂಬಿಕೆಯಿತ್ತು.

ಚಳಿಗಾಲ ಬಂದರೆ ಕಣಜದೊಳಗೆ ಬಡಿಯುವ ಕೆಲಸ. ಎರಡು ಕೋಲು, ನಡುವೆ ತೊಗಲಿನ ಕೀಲು. ಉದ್ದದ್ದನ್ನು ಹಿಡಿದು ಬೀಸಿದರೆ ಗಿಡ್ಡದ್ದು ತೆನೆಯ ಮೇಲೆ ಬೀಳುತ್ತದೆ. ದೂಳು ತಿನ್ನುವ, ರಟ್ಟೆ ಸೋಲುವ ಬೇಸರದ ಕೆಲಸ. ಆದರೂ ಹೊಲದಲ್ಲಿ ಏನೂ ಇಲ್ಲದ ಆ ತಿಂಗಳುಗಳಲ್ಲಿ ಮನೆ ನಡೆಸುತ್ತಿದ್ದದ್ದು ಅದೊಂದೇ. ಆದ್ದರಿಂದಲೇ ಬಡಿಯುವ ಯಂತ್ರ ಬಂದಾಗ ಜನ ಸಿಡಿದದ್ದು. 1830ರಲ್ಲಿ ಕೆಂಟ್‌ನಿಂದ ಶುರುವಾಗಿ ದಕ್ಷಿಣ, ಪೂರ್ವ ಇಂಗ್ಲೆಂಡಿನುದ್ದಕ್ಕೂ ಕೂಲಿಗಳು ಯಂತ್ರ ಒಡೆದರು. ಫಾರ್ಮರರಿಗೆ ಹೋದ ಬೆದರಿಕೆ ಪತ್ರಗಳಲ್ಲಿ 'ಕ್ಯಾಪ್ಟನ್ ಸ್ವಿಂಗ್' ಅಂತ ಸಹಿ ಇರುತ್ತಿತ್ತು. ಅಂಥ ಮನುಷ್ಯನೇ ಇರಲಿಲ್ಲ. ಸರಕಾರ 19 ಜನರನ್ನು ಗಲ್ಲಿಗೇರಿಸಿತು, ಸುಮಾರು 500 ಜನರನ್ನು ಹಡಗು ಹತ್ತಿಸಿ ಆಸ್ಟ್ರೇಲಿಯಾಕ್ಕೆ ಸಾಗಿಸಿತು. ನಾಲ್ಕು ವರ್ಷದ ನಂತರ ಡಾರ್ಸೆಟ್‌ನ ಟಾಲ್‌ಪಡಲ್ ಹಳ್ಳಿಯಲ್ಲಿ 9 ಷಿಲ್ಲಿಂಗ್ ಇದ್ದ ಕೂಲಿಯನ್ನು 7ಕ್ಕೆ ಇಳಿಸಿ, ಇನ್ನೂ ಇಳಿಸುತ್ತೇವೆ ಅಂದಾಗ ಆರು ಜನ ಸಂಘ ಕಟ್ಟಿಕೊಂಡರು. ಸಂಘ ಕಟ್ಟುವುದು ಆಗ ಅಪರಾಧವಲ್ಲ. ಆದರೆ ಗುಟ್ಟಾಗಿ ಪ್ರಮಾಣ ಮಾಡಿದರು ಅನ್ನುವ ನೆಪ ಹಿಡಿದು ಏಳು ವರ್ಷ ಗಡೀಪಾರು ಮಾಡಿದರು. ದೇಶವೇ ಗದ್ದಲ ಎಬ್ಬಿಸಿದ ಮೇಲೆ 1836ರಲ್ಲಿ ಕ್ಷಮಾದಾನ ಸಿಕ್ಕಿತು.

ಲೆಕ್ಕದಲ್ಲಿ ಇಲ್ಲದ ಸಾಲುಗಳು

ಆ 13 ಷಿಲ್ಲಿಂಗ್ 9 ಪೆನ್ಸ್‌ನ ಪಟ್ಟಿಯನ್ನು ಮತ್ತೊಮ್ಮೆ ನೋಡಿ. ಮಾಂಸ ಇಲ್ಲ. ಹಾಲು ಇಲ್ಲ. ಬಿಯರು ಇಲ್ಲ. ಬಟ್ಟೆ, ಬೂಟು, ಶಾಲೆ, ವೈದ್ಯ, ಯಾವುದೂ ಇಲ್ಲ.

ಬೂಟಿನ ವಿಷಯ ನೋಡೋಣ. ಒಂದು ಜೊತೆ ಗಟ್ಟಿ ಬೂಟಿಗೆ ವಾರದ ಕೂಲಿಗಿಂತ ಹೆಚ್ಚು ಬೀಳುತ್ತಿತ್ತು. ಬೂಟಿಲ್ಲದೆ ಹೊಲಕ್ಕಿಳಿಯುವಂತಿಲ್ಲ. ಹಾಗಾಗಿ ಸುಗ್ಗಿಯ ಕೈದುಡ್ಡು ನೇರ ಹೋಗುತ್ತಿದ್ದದ್ದು ಊರಿನ ಚಮ್ಮಾರನಿಗೆ, ಅದೂ ಕಳೆದ ವರ್ಷದ ಬಾಕಿಗೆ. ಚಮ್ಮಾರ, ದರ್ಜಿ, ಅಂಗಡಿಯವನು ಎಲ್ಲರ ಪುಸ್ತಕದಲ್ಲೂ ಉದ್ದರಿ. ಊರಿನ ಕಸುಬುದಾರರು ಕೂಲಿಗಿಂತ ಒಂದು ಮೆಟ್ಟಿಲು ಮೇಲಿದ್ದರೂ ಅವರ ಹೊಟ್ಟೆಪಾಡು ಕೂಲಿಯ ಸುಗ್ಗಿಯ ಮೇಲೇ ನಿಂತಿತ್ತು.

ಕಮ್ಮಾರನಿಗೂ ಗಾಲಿ ಮಾಡುವ ಬಡಗಿಗೂ ದೊಡ್ಡ ಗಿರಾಕಿ ಫಾರ್ಮರ್. ಇವರಿಬ್ಬರ ಕೆಲಸವನ್ನು ಸ್ವಲ್ಪ ನಿಂತು ನೋಡಬೇಕು. ಗಾಲಿಗೆ ಮೂರು ಜಾತಿಯ ಮರ. ನಡುವಿನ ಗುಂಬಕ್ಕೆ ಎಲ್ಮ್: ನಾರು ಹೆಣೆದುಕೊಂಡಿರುವುದರಿಂದ ಸುತ್ತ ತೂತು ಕೊರೆದರೂ ಸೀಳುವುದಿಲ್ಲ. ಅರಗಳಿಗೆ ಓಕ್: ಗರಗಸದಲ್ಲಿ ಕೊಯ್ಯದೆ ನಾರಿನ ಗುಂಟ ಸೀಳಿದ್ದು, ಭಾರ ಹೊರಲು. ಸುತ್ತಿನ ಬಳೆಯ ತುಂಡುಗಳಿಗೆ ಆಶ್: ಹೊಡೆತ ಬಿದ್ದರೆ ಬಗ್ಗಿ ತಾಳಿಕೊಳ್ಳುತ್ತದೆ. ಕಡಿದ ಮರ ವರ್ಷಗಟ್ಟಲೆ ಒಣಗಬೇಕು. ಅಪ್ಪ ಕೊಂಡ ದಿಮ್ಮಿಯನ್ನು ಮಗ ಕೆತ್ತುವುದೂ ಉಂಟು. ಗಾಲಿ ಚಪ್ಪಟೆಯಾಗಿಯೂ ಇರಬಾರದು, ತಟ್ಟೆಯ ಹಾಗೆ ತುಸು ಒಳತಗ್ಗು ಇರಬೇಕು. ಕುದುರೆ ಹೆಜ್ಜೆ ಹಾಕುವಾಗ ಗಾಡಿಯ ಭಾರ ಅತ್ತಿತ್ತ ತೂಗುತ್ತದೆ. ಆ ಪಕ್ಕದ ತಳ್ಳಾಟಕ್ಕೆ ಚಪ್ಪಟೆ ಗಾಲಿ ಕಳಚಿಕೊಳ್ಳುತ್ತದೆ.

ಕಬ್ಬಿಣದ ಪಟ್ಟಿ ಕೂರಿಸುವ ದಿನ ಬಡಗಿ, ಕಮ್ಮಾರ ಇಬ್ಬರೂ ಒಂದೆಡೆ ಸೇರುತ್ತಾರೆ. ಹಿಡಿ ಇರುವ ಸಣ್ಣ ತಗಡಿನ ಚಕ್ರವೊಂದನ್ನು ಗಾಲಿಯ ಅಂಚಿನ ಮೇಲೆ ಉರುಳಿಸಿ ಎಷ್ಟು ಸುತ್ತು ಬಂತೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಳ್ಳುವುದು. ಕಬ್ಬಿಣದ ಬಳೆಯನ್ನು ಅದಕ್ಕಿಂತ ಒಂದಿಷ್ಟು ಗಿಡ್ಡ ಮಾಡುವುದು. ಆಮೇಲೆ ಬಳೆಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸುತ್ತಾರೆ. ಕಾದ ಕಬ್ಬಿಣ ಹಿಗ್ಗುತ್ತದೆ. ಇಬ್ಬರು ಮೂವರು ಉದ್ದ ಇಕ್ಕಳದಲ್ಲಿ ಹಿಡಿದು ಓಡಿಬಂದು, ನೆಲಕ್ಕೆ ಬಿಗಿದ ಗಾಲಿಯ ಮೇಲೆ ಕೆಡವಿ, ಸುತ್ತಿಗೆಯಿಂದ ಬಡಿದು ಇಳಿಸುತ್ತಾರೆ. ಮರ ಬುಗ್ಗನೆ ಹೊತ್ತಿಕೊಳ್ಳುತ್ತದೆ, ಹೊಗೆಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಅಷ್ಟರಲ್ಲಿ ಹುಡುಗರು ಕೊಡಗಟ್ಟಲೆ ನೀರು ಸುರಿಯುತ್ತಾರೆ. ಕಬ್ಬಿಣ ಚುಯ್ಯೆಂದು ಕುಗ್ಗುತ್ತ ಇಡೀ ಗಾಲಿಯನ್ನು ಹಿಂಡುತ್ತದೆ. ಸಂದುಗಳೆಲ್ಲ ಕಿರಗುಟ್ಟಿ ಕೂರುತ್ತವೆ. ಕಬ್ಬಿಣ ತುಸು ಹೆಚ್ಚು ಗಿಡ್ಡವಾಗಿದ್ದರೆ ಅರಗಳು ಬಾಗುತ್ತವೆ, ಉದ್ದವಾಗಿದ್ದರೆ ಬೇಸಗೆಯಲ್ಲಿ ಪಟ್ಟಿ ಕಳಚಿ ರಸ್ತೆಗೆ ಬೀಳುತ್ತದೆ. ಈ ಲೆಕ್ಕ ಯಾವ ಪುಸ್ತಕದಲ್ಲೂ ಇರಲಿಲ್ಲ, ಕೈಯಲ್ಲಿತ್ತು. ನನ್ನ ಮಟ್ಟಿಗೆ ಆ ಹಳ್ಳಿಯಲ್ಲಿ ನೋಡುವಂಥ ವಿದ್ಯೆ ಅಂದರೆ ಇದೇ.

ಅದೇ ಬಡಗಿ ಊರಿನ ಶವಪೆಟ್ಟಿಗೆಯನ್ನೂ ಮಾಡುತ್ತಿದ್ದ. ಅದಕ್ಕೂ ಎಲ್ಮ್ ಮರವೇ.

ಮಾಂಸದ ಜಾಗವನ್ನು ತುಂಬುತ್ತಿದ್ದದ್ದು ಹಂದಿ, ಅದೂ ಸಾಕಲು ಅನುಕೂಲ ಇದ್ದವರಿಗೆ. ಮನೆ ಹಿಂದಿನ ಗೂಡಲ್ಲಿ ಒಂದು ಮರಿ ಕಟ್ಟಿ, ಆಲೂಗಡ್ಡೆ ಸಿಪ್ಪೆ, ಹಕ್ಕಲಿನ ಬಾರ್ಲಿ, ಮಕ್ಕಳು ಕಿತ್ತು ತಂದ ಸೊಪ್ಪು ಹಾಕಿ ಚಳಿಗಾಲಕ್ಕೆ ಕೊಬ್ಬಿಸುವುದು. ಹಿಟ್ಟಿನ ಬಾಕಿಗೆ ಅರ್ಧ ಹಂದಿ ಮೊದಲೇ ಗಿರಣಿಯವನ ಪಾಲಾಗಿರುತ್ತಿತ್ತು. ಕೊಯ್ಯುವವನು ಊರೂರು ತಿರುಗುವ ಕಸುಬಿನವನು. ಬೇಗ ಕೆಡುವ ಈಲಿ, ಕರುಳನ್ನು ನೆರೆಮನೆಗಳಿಗೆ ಹಂಚಿದರೆ ಅವರು ಕೊಯ್ದಾಗ ಇವರಿಗೆ ತಿರುಗಿ ಬರುತ್ತಿತ್ತು. ಉಳಿದದ್ದಕ್ಕೆ ಉಪ್ಪು ಹಾಕಿ ತೂಗುಹಾಕುವುದು. ಹಂದಿ ಸತ್ತರೆ ಮನೆ ಮುಳುಗೀತೆಂದು ಊರವರು ಸೇರಿ 'ಹಂದಿ ಸಂಘ' ಕಟ್ಟಿ ವಿಮೆಯನ್ನೂ ಮಾಡಿಕೊಂಡಿದ್ದರು. ಆದರೆ ಕೆಲವು ಫಾರ್ಮರರು ಕೂಲಿಗಳಿಗೆ ಹಂದಿ ಸಾಕಲು ಬಿಡುತ್ತಿರಲಿಲ್ಲ. ನಮ್ಮ ಕಣಜದ ಕಾಳೇ ಅದರ ಹೊಟ್ಟೆಗೆ ಹೋಗುತ್ತದೆ ಅನ್ನುವುದು ಅವರ ಗುಮಾನಿ.

ಇರುವ ಸಾಲುಗಳಲ್ಲೂ ಸರಕಾರದ ಕೈ ಇತ್ತು. ಸಾಬೂನಿನ ಮೇಲೆ 1853ರವರೆಗೂ ತೆರಿಗೆ. ಚಹಾದ ಮೇಲೆ ಆಗ ಒಂದು ಪೌಂಡ್ ತೂಕಕ್ಕೆ 2 ಷಿಲ್ಲಿಂಗ್‌ಗೂ ಹೆಚ್ಚು ಸುಂಕ; 2 ಪೆನ್ಸ್‌ಗೆ ಒಂದು ಔನ್ಸ್ ಚಹಾ ಕೂಡ ಬರುತ್ತಿರಲಿಲ್ಲ. ಏಳು ಜನರ ಮನೆಗೆ ವಾರಕ್ಕೆ 28 ಗ್ರಾಂಗಿಂತ ಕಡಿಮೆ! ಒಂದೇ ಸೊಪ್ಪನ್ನು ಬಣ್ಣ ಬಿಡುವತನಕ ಕುದಿಸುವುದು, ಅದೂ ಮುಗಿದರೆ ಬ್ರೆಡ್ಡಿನ ಅಂಚನ್ನು ಕರ್ರಗೆ ಸುಟ್ಟು ಬಿಸಿನೀರಿಗೆ ಹಾಕಿ ಅದನ್ನೇ ಚಹಾ ಅಂತ ಕುಡಿಯುವುದು. ಅದು ಚೀನಾದ ಸೊಪ್ಪು. ಅಸ್ಸಾಮಿನ ಚಹಾ ಲಂಡನ್ನಿನಲ್ಲಿ ಮೊದಲ ಸಲ ಹರಾಜಾದದ್ದೇ 1839ರಲ್ಲಿ. ಅದು ಬಡವರ ಕೆಟಲಿಗೆ ಇಳಿಯಲು ಇನ್ನೂ ದಶಕಗಳು ಬೇಕಾದವು.

ಇಷ್ಟೂ ಕೈಕೊಟ್ಟರೆ? ಕಾಯಿಲೆ ಬಿದ್ದರೆ, ಮುದಿತನ ಬಂದರೆ? 1834ರ ಕಾಯ್ದೆಯ ನಂತರ ಅದಕ್ಕೆ ಉತ್ತರ ವರ್ಕ್‌ಹೌಸ್ ಅನ್ನುವ ದುಡಿಮೆಮನೆ. ಒಳಗೆ ಹೋದರೆ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. ಹೊರಗಿನ ಅತಿ ಬಡ ಕೂಲಿಯ ಬದುಕಿಗಿಂತಲೂ ಒಳಗಿನದು ಹೀನವಾಗಿರಬೇಕು, ಇಲ್ಲದಿದ್ದರೆ ಎಲ್ಲರೂ ಬಂದು ಕೂರುತ್ತಾರೆ ಅನ್ನುವುದು ಕಾಯ್ದೆಯ ತರ್ಕ. ಹ್ಯಾಂಪ್‌ಷೈರಿನ ಆಂಡೋವರ್‌ನಲ್ಲಿ ಗೊಬ್ಬರಕ್ಕೆಂದು ಮೂಳೆ ಪುಡಿ ಮಾಡುವ ಕೆಲಸ ಕೊಟ್ಟಿದ್ದರು. ಹಸಿದ ಜನ ಆ ಕೊಳೆತ ಮೂಳೆಯನ್ನೇ ಚೀಪುತ್ತಿದ್ದರು ಅನ್ನುವುದು 1845ರಲ್ಲಿ ಹೊರಬಿದ್ದು ಪಾರ್ಲಿಮೆಂಟಿನಲ್ಲಿ ಕೋಲಾಹಲವಾಯಿತು. ಲ್ಯಾವನ್‌ಹ್ಯಾಮ್‌ನ ಲೆಕ್ಕದಲ್ಲಿ ಏಳೂ ಜನ ಒಂದು ಸೂರಿನಡಿ ಇರಲು ಕೊಡುತ್ತಿದ್ದ ಬೆಲೆ ಏನೆಂದು ಇದರಿಂದ ತಿಳಿಯುತ್ತದೆ.

ಈ ಸ್ಥಿತಿ ದೇಶವಿಡೀ ಒಂದೇ ಆಗಿರಲಿಲ್ಲ. 1850-51ರಲ್ಲಿ ಇಂಗ್ಲೆಂಡ್ ಸುತ್ತಿ ನೋಡಿದ ಜೇಮ್ಸ್ ಕೇರ್ಡ್ ಕೊಟ್ಟ ಸರಾಸರಿ ಪ್ರಕಾರ ಉತ್ತರದ ಕೌಂಟಿಗಳಲ್ಲಿ ವಾರಕ್ಕೆ 11 ಷಿಲ್ಲಿಂಗ್ 6 ಪೆನ್ಸ್, ದಕ್ಷಿಣದಲ್ಲಿ 8 ಷಿಲ್ಲಿಂಗ್ 5 ಪೆನ್ಸ್. ಉತ್ತರದಲ್ಲಿ ಬಟ್ಟೆ ಗಿರಣಿ, ಗಣಿಗಳಿದ್ದವು. ಕೂಲಿ ಕಡಿಮೆ ಕೊಟ್ಟರೆ ಆಳು ಅಲ್ಲಿಗೆ ಹೋಗುತ್ತಿದ್ದ. ಸಫೋಕ್‌ನವನಿಗೆ ಹೋಗಲು ಹತ್ತಿರದಲ್ಲಿ ಜಾಗವಿರಲಿಲ್ಲ. ಸಿಟ್ಟು ಬೇರೆ ದಾರಿ ಹಿಡಿಯಿತು. ಆಗಷ್ಟೇ ಬಳಕೆಗೆ ಬಂದಿದ್ದ ಬೆಂಕಿಕಡ್ಡಿ ಜೇಬಲ್ಲಿ ಅಡಗುತ್ತಿತ್ತು. ಈ ಲೆಕ್ಕ ಅಚ್ಚಾದ ಆಸುಪಾಸಿನಲ್ಲೇ, 1843-44ರಲ್ಲಿ, ಸಫೋಕ್‌ನ ಹಳ್ಳಿಹಳ್ಳಿಯಲ್ಲಿ ರಾತ್ರಿಹೊತ್ತು ಫಾರ್ಮರರ ಬಣವೆಗಳು ಹೊತ್ತಿ ಉರಿದವು.

ಎಂಟು ವರ್ಷದ ಹುಡುಗ

ಆ ಮನೆಯಲ್ಲಿ 1 ಷಿಲ್ಲಿಂಗ್ ದುಡಿಯುತ್ತಿದ್ದ ಎಂಟು ವರ್ಷದವನು ಏನು ಮಾಡುತ್ತಿದ್ದ ಅಂತ ಲೆಕ್ಕ ಹೇಳುವುದಿಲ್ಲ. ಆ ವಯಸ್ಸಿನವರಿಗೆ ಸಾಮಾನ್ಯವಾಗಿ ಸಿಗುತ್ತಿದ್ದದ್ದು ಬಿತ್ತಿದ ಹೊಲದಲ್ಲಿ ಕಾಗೆ ಓಡಿಸುವ ಕೆಲಸ: ಮರದ ಗಿಲಕಿ ಬಡಿಯುತ್ತ, ಕೂಗುತ್ತ, ನಸುಕಿನಿಂದ ಕತ್ತಲಾಗುವವರೆಗೆ ಒಬ್ಬನೇ. ಇಲ್ಲವೇ ಹೊಲದ ಕಲ್ಲು ಆಯುವುದು. ಅವನಿಗೆ ಶಾಲೆ ಕಡ್ಡಾಯವಾಗಿರಲಿಲ್ಲ. 1880ರಲ್ಲಿ ಐದರಿಂದ ಹತ್ತು ವರ್ಷದ ಮಕ್ಕಳಿಗೆ ಶಾಲೆ ಕಡ್ಡಾಯವಾಯಿತು. ಆಮೇಲೂ ಸುಗ್ಗಿ, ಆಲೂಗಡ್ಡೆ ಕೀಳುವ ಕಾಲ ಬಂದರೆ ಬೆಂಚುಗಳು ಖಾಲಿಯಾಗುತ್ತಿದ್ದವು. ಅವನ ತಂಗಿ ಹನ್ನೆರಡು ಹದಿಮೂರಕ್ಕೆ ಯಾರದೋ ಮನೆಯ ಚಾಕರಿಗೆ ಹೋಗಿರಬೇಕು. ಆ ಕಾಲದ ಬಡ ಹುಡುಗಿಯರಿಗೆಲ್ಲ ಅದೇ ದಾರಿ.

ಆ ಹುಡುಗ ಬದುಕುಳಿದಿದ್ದರೆ ಏನೇನು ನೋಡಿರುತ್ತಿದ್ದ ಅಂತ ನಾನು ಆಗಾಗ ಎಣಿಸುವುದುಂಟು. ಅವನು ಮೂವತ್ತರ ಆಸುಪಾಸಿನಲ್ಲಿದ್ದಾಗ, 1865ರಲ್ಲಿ, ಲ್ಯಾವನ್‌ಹ್ಯಾಮ್‌ಗೆ ರೈಲು ಬಂತು. ಕಲ್ಲಿದ್ದಲು ಸೋವಿಯಾಯಿತು, ಜೊತೆಗೇ ನಾರ್ಥಾಂಪ್ಟನ್ನಿನ ಕಾರ್ಖಾನೆ ಬೂಟು, ಅಚ್ಚಿನಲ್ಲಿ ಎರಕ ಹೊಯ್ದ ಸಾಮಾನು ಬಂದು ಊರಿನ ಚಮ್ಮಾರ, ಕಮ್ಮಾರರ ಕೆಲಸ ರಿಪೇರಿಗೆ ಇಳಿಯಿತು. 1872ರಲ್ಲಿ ವಾರಿಕ್‌ಷೈರಿನ ವೆಲ್ಸ್‌ಬರ್ನ್‌ನಲ್ಲಿ, ಬೇಲಿ ಕಟ್ಟುವುದರಲ್ಲಿ ಎತ್ತಿದ ಕೈ ಅನ್ನಿಸಿಕೊಂಡಿದ್ದ ಜೋಸೆಫ್ ಆರ್ಚ್ ಒಂದು ಚೆಸ್ಟ್‌ನಟ್ ಮರದಡಿ ನಿಂತು ಮಾತಾಡಿದ; ಕೂಲಿಗಳ ರಾಷ್ಟ್ರೀಯ ಸಂಘ ಹುಟ್ಟಿತು. 1874ರಲ್ಲಿ ಸಫೋಕ್‌ನ ಎಕ್ಸ್‌ನಿಂಗ್‌ನ ಕೂಲಿಗಳು 13 ಷಿಲ್ಲಿಂಗನ್ನು 14 ಮಾಡಿ ಅಂದರು. ಫಾರ್ಮರರು ಸಂಘದವರಿಗೆ ಕೆಲಸವೇ ಇಲ್ಲ ಅಂದರು, ಬೀಗಮುದ್ರೆ ಪೂರ್ವದ ಕೌಂಟಿಗಳಿಗೆಲ್ಲ ಹಬ್ಬಿತು. ಸಂಘ ಸೋತಿತು. ಅಷ್ಟರಲ್ಲಿ ಅಮೆರಿಕದ ಗೋಧಿ ಹಡಗುಗಟ್ಟಲೆ ಇಳಿಯತೊಡಗಿ ಫಾರ್ಮರರೂ ಸೋತರು. ಕ್ವಾರ್ಟರಿಗೆ 50 ಷಿಲ್ಲಿಂಗ್ ಆಸುಪಾಸಿನಲ್ಲಿದ್ದ ಗೋಧಿ 1894ರಲ್ಲಿ 22 ಷಿಲ್ಲಿಂಗ್ 10 ಪೆನ್ಸ್‌ಗೆ ಇಳಿದಿತ್ತು. ಅಪ್ಪನ ಇಡೀ ಕೂಲಿಯನ್ನು ನುಂಗುತ್ತಿದ್ದ ಬ್ರೆಡ್ಡು ಕೊನೆಗೂ ಅಗ್ಗವಾಯಿತು. ಅದನ್ನು ಬೆಳೆಯುವ ಕೆಲಸ ಮಾತ್ರ ಊರಲ್ಲಿ ಕಡಿಮೆಯಾಯಿತು. ವಯಸ್ಸಿನ ಹುಡುಗರು ಪಟ್ಟಣಕ್ಕೋ ಕೆನಡಾಕ್ಕೋ ಹೊರಟರು.

1884ರ ಕಾಯ್ದೆಯಿಂದ ಹಳ್ಳಿಯ ಕೂಲಿಗಳಿಗೆ ಮತ ಬಂದಾಗ ಅವನಿಗೆ ಐವತ್ತು ಸಮೀಪಿಸಿತ್ತು. ಮರುವರ್ಷದ ಚುನಾವಣೆಯಲ್ಲಿ ಜೋಸೆಫ್ ಆರ್ಚ್ ಪಾರ್ಲಿಮೆಂಟಿಗೇ ಹೋದ. 1909ರ ಜನವರಿ 1ರಂದು, 70 ದಾಟಿದ ಬಡವರಿಗೆ ಮೊದಲ ಸಲ ಪಿಂಚಣಿ ಕೊಟ್ಟರು. ವರ್ಕ್‌ಹೌಸ್ ಇಲ್ಲ, ಪ್ಯಾರಿಷ್ ಅನ್ನುವ ಊರಾಡಳಿತದವರ ಮುಂದೆ ಕೈಚಾಚುವುದಿಲ್ಲ. ಅಂಚೆ ಕಚೇರಿಯ ಕಿಟಕಿಗೆ ಹೋಗಿ ನಿಂತರೆ ಸಾಕು. ಅವನಿಗೆ ಆಗ 74ರ ಹತ್ತಿರ. ಪೂರ್ತಿ ಪಿಂಚಣಿ ವಾರಕ್ಕೆ 5 ಷಿಲ್ಲಿಂಗ್, ಕಾಗೆ ಓಡಿಸುವ ವಯಸ್ಸಲ್ಲಿ ಅವನು ದುಡಿದದ್ದರ ಐದು ಪಟ್ಟು.